ಫೇರಿ ಕ್ವೀನ್: 22ನೇ ನಂಬರಿನ ಎಂಜಿನ್ನಿನ ದುಡಿಮೆ ಮತ್ತು ಸಂರಕ್ಷಣೆ

ಭಾರತೀಯ ರೈಲ್ವೆಯ ಚರಿತ್ರೆ ಬರೆಯುವವರು 1853ರ ಏಪ್ರಿಲ್ 16ರಿಂದ ಶುರುಮಾಡುವುದು ವಾಡಿಕೆ. ಅಂದು ಬೋರಿ ಬಂದರಿನಿಂದ ಠಾಣೆಯವರೆಗೆ 34 ಕಿಲೋಮೀಟರ್ ಗಾಡಿ ಎಳೆದ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್ನುಗಳ ಹೆಸರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆಲ್ಲ ಬಾಯಿಪಾಠ. ಹೆಸರು ಉಳಿಯಿತು, ಕಬ್ಬಿಣ ಉಳಿಯಲಿಲ್ಲ. ಮೂರರಲ್ಲಿ ಒಂದೂ ಇಂದು ಇಲ್ಲ. ಇದಾದ ಎರಡು ವರ್ಷಕ್ಕೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾಗಿ ಕಲ್ಕತ್ತೆಗೆ ಬಂದಿಳಿದ, ನಲವತ್ತು ವರ್ಷ ಹೆಸರೇ ಇಲ್ಲದೆ ಬರಿಯ ಸಂಖ್ಯೆಯಿಂದ ಗುರುತಾಗುತ್ತಿದ್ದ ಇನ್ನೊಂದು ಎಂಜಿನ್ ಉಳಿದುಕೊಂಡಿತು. ಈಸ್ಟ್ ಇಂಡಿಯನ್ ರೈಲ್ವೆ ಕಂಪನಿಯ 22ನೇ ನಂಬರಿನ ಆ ಎಂಜಿನ್ನೇ ಇಂದಿನ ‘ಫೇರಿ ಕ್ವೀನ್’.

ಇದರ ಕಥೆಯನ್ನು ಒಂದೇ ಉದ್ದನೆಯ ಆಯುಷ್ಯದ ಕಥೆಯಂತೆ ಹೇಳುವ ರೂಢಿಯಿದೆ: 1855ರಲ್ಲಿ ಹುಟ್ಟಿತು, ಇಪ್ಪತ್ತೊಂದನೆಯ ಶತಮಾನದಲ್ಲೂ ಓಡಿತು, ಆದ್ದರಿಂದ ಜಗತ್ತಿಗೇ ಹಿರಿಯದು. ಈ ಹೇಳಿಕೆ ಪೂರ್ತಿ ಸುಳ್ಳಲ್ಲ, ಆದರೆ ಅದರಲ್ಲಿ ಚರಿತ್ರೆಯೂ ಹೆಚ್ಚಿಲ್ಲ. ಎಂಜಿನ್ ನಿಜವಾಗಿ ದುಡಿದದ್ದು 1855ರಿಂದ 1909ರವರೆಗಿನ 54 ವರ್ಷ. ಅನಂತರದ ಕಾಲದಲ್ಲಿ ಅದು ಕ್ರಮವಾಗಿ ಒಂದು ಸ್ಮಾರಕ, ಒಂದು ಪಾಠದ ಸಾಮಗ್ರಿ, ಒಂದು ವಸ್ತುಸಂಗ್ರಹಾಲಯದ ವಸ್ತು, ಒಂದು ಪ್ರವಾಸಿ ಗಾಡಿಯ ಎಂಜಿನ್ ಆಯಿತು. ಪ್ರತಿಯೊಂದು ಘಟ್ಟವೂ ಅದನ್ನು ಉಳಿಸಿತು. ಕೊನೆಯ ಘಟ್ಟ ಮಾತ್ರ ಉಳಿಸುತ್ತಲೇ ಬದಲಿಸಿತು. ದುಡಿಮೆ ಮತ್ತು ಸಂರಕ್ಷಣೆ ಎರಡನ್ನೂ ಬೇರೆ ಬೇರೆಯಾಗಿ ಇಟ್ಟು ನೋಡಿದರೆ ಮಾತ್ರ ಈ ಎಂಜಿನ್ ನಮಗೆ ಚಾರಿತ್ರಿಕ ಆಕರವಾಗುತ್ತದೆ ಎಂಬುದು ಈ ಲೇಖನದ ವಾದ.

ಲೀಡ್ಸ್‌ನಿಂದ ಹೌರಾಕ್ಕೆ

ಎಂಜಿನ್ನನ್ನು ಕಟ್ಟಿದ್ದು ಕಿಟ್ಸನ್, ಥಾಂಪ್ಸನ್ ಅಂಡ್ ಹೆವಿಟ್ಸನ್ ಎಂಬ ಕಂಪನಿ. ಲೀಡ್ಸ್ ಪಟ್ಟಣದ ಹನ್ಸ್‌ಲೆಟ್‌ನಲ್ಲಿ ಅದರ ಏರ್‌ಡೇಲ್ ಫೌಂಡ್ರಿ ಇತ್ತು. ಕಂಪನಿಯ ಮೂಲಪುರುಷ ಜೇಮ್ಸ್ ಕಿಟ್ಸನ್ ಅದಕ್ಕೂ ಮೊದಲು ಪಾಲುದಾರನಾಗಿದ್ದ ಸಂಸ್ಥೆಯಲ್ಲಿ 1838ರಲ್ಲಿ ‘ಲಯನ್’ ಎಂಬ ಎಂಜಿನ್ ತಯಾರಾಗಿತ್ತು. ಲಯನ್ ಕೂಡ ಇಂದಿಗೂ ಉಳಿದಿದೆ. ಅದರ ಮಾತು ಮುಂದೆ ಬರುತ್ತದೆ.

22ನೇ ನಂಬರಿನ ಎಂಜಿನ್ನಿನ ಮೈಕಟ್ಟನ್ನು ಓದಿದರೆ ಅದು ಯಾವ ಕೆಲಸಕ್ಕೆಂದು ಬಂತು ಎಂಬುದು ತಿಳಿಯುತ್ತದೆ. ಮೂರು ಅಚ್ಚು, ಆರು ಗಾಲಿ. ಹಬೆಯ ಬಲ ಸಿಗುವುದು ನಡುವಿನ ಜೋಡಿ ಗಾಲಿಗಳಿಗೆ ಮಾತ್ರ. ಮುಂದಿನ ಹಿಂದಿನ ಚಿಕ್ಕ ಗಾಲಿಗಳು ಭಾರ ಹೊರುತ್ತವೆ, ಅಷ್ಟೆ. ನಡುವಿನ ಗಾಲಿಯ ವ್ಯಾಸ 6 ಅಡಿ. ಸ್ವಾತಂತ್ರ್ಯದ ವರ್ಷದಲ್ಲಿ ಬಂದು ನಮ್ಮ ಮೇಲ್, ಎಕ್ಸ್‌ಪ್ರೆಸ್ ಗಾಡಿಗಳನ್ನು ದಶಕಗಳ ಕಾಲ ಎಳೆದ ಡಬ್ಲ್ಯೂಪಿ ವರ್ಗದ ದೈತ್ಯ ಎಂಜಿನ್ನುಗಳ ಗಾಲಿ 5 ಅಡಿ 7 ಅಂಗುಲವಿತ್ತು ಎಂಬುದನ್ನು ನೆನೆದರೆ ಈ ಗಾಲಿ ಎಷ್ಟು ದೊಡ್ಡದು ಎಂದು ಅಂದಾಜಾದೀತು. ಸಿಲಿಂಡರುಗಳು ಹೊರಮೈಯಲ್ಲಿವೆ: 12 ಅಂಗುಲ ಅಗಲ, ಪಿಸ್ಟನ್ ಸಾಗುವ ದೂರ 22 ಅಂಗುಲ. ನೀರಿನ ಟ್ಯಾಂಕು ಬಾಯ್ಲರಿನ ಅಕ್ಕಪಕ್ಕದಲ್ಲಿಲ್ಲ, ಚೌಕಟ್ಟಿನ ನಡುವೆ ಕೆಳಗಡೆ ಇದೆ. ಸುಮಾರು 3,000 ಲೀಟರ್ ಹಿಡಿಯುತ್ತದೆ. ಒಟ್ಟು ತೂಕ 26 ಟನ್. ಸುಮಾರು 130 ಅಶ್ವಶಕ್ತಿ. ವೇಗದ ಮಿತಿ ಗಂಟೆಗೆ 40 ಕಿಲೋಮೀಟರ್.

ಈ ಅಂಕಿಗಳ ಹಿಂದೆ ಒಂದು ಲೆಕ್ಕಾಚಾರವಿದೆ. 6 ಅಡಿ ವ್ಯಾಸದ ಗಾಲಿ ಒಮ್ಮೆ ಉರುಳಿದರೆ ಗಾಡಿ ಸುಮಾರು 5.75 ಮೀಟರ್ ಮುಂದೆ ಹೋಗುತ್ತದೆ. ಅಂದರೆ 40 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 116 ಸುತ್ತು ಸಾಕು. ಎರಡು ಸಿಲಿಂಡರ್ ಸೇರಿ ಒಂದು ಸುತ್ತಿಗೆ ನಾಲ್ಕು ಸಲ ಹಬೆಯನ್ನು ಚಿಮಣಿಗೆ ಉಗುಳುತ್ತವೆ. ಯಂತ್ರದ ಭಾಗಗಳು ಹೆಚ್ಚು ಬಡಿದಾಡದೆ ಗಾಡಿ ಓಡಬೇಕೆಂದರೆ ಗಾಲಿ ದೊಡ್ಡದಿರಬೇಕು ಎಂಬುದು ಆ ಕಾಲದ ಎಂಜಿನಿಯರುಗಳ ನಂಬಿಕೆ. ಇದಕ್ಕೆ ತೆರಬೇಕಾದ ಬೆಲೆ ಹಿಡಿತ. ಹಳಿಯ ಮೇಲೆ ಗಾಲಿ ಜಾರದೆ ಕಚ್ಚಿಕೊಳ್ಳುವುದು ಬಲ ಪಡೆಯುವ ಗಾಲಿಗಳ ಮೇಲೆ ಬೀಳುವ ಭಾರದಿಂದ. ಇಲ್ಲಿ 26 ಟನ್‌ನಲ್ಲಿ ಒಂದು ಪಾಲು ಮಾತ್ರ ಆ ಗಾಲಿಗಳ ಮೇಲಿದೆ. ಹಾಗಾಗಿ ಇದು ಏರುದಾರಿಯ ಎಂಜಿನ್ ಅಲ್ಲ, ಸರಕು ಗಾಡಿಯ ಎಂಜಿನ್ ಅಂತೂ ಅಲ್ಲವೇ ಅಲ್ಲ. ಸಮತಟ್ಟಾದ ನಾಡಿನಲ್ಲಿ ಹಗುರವಾದ ಮೇಲ್ ಗಾಡಿಯನ್ನು ಎಳೆಯಲು ಹೇಳಿ ಮಾಡಿಸಿದ್ದು. ಹೂಗ್ಲಿಯ ದಂಡೆಯ ಬಂಗಾಳ ಅಂಥ ನಾಡೇ.

ಬಂಗಾಳದ ರೈಲು ಶುರುವಾದದ್ದು ಎಡವಟ್ಟುಗಳ ನಡುವೆ. ಮೊದಲ ಎಂಜಿನ್ ಹೊತ್ತ ಹಡಗು ದಾರಿ ತಪ್ಪಿ ಆಸ್ಟ್ರೇಲಿಯಕ್ಕೆ ಹೋಗಿ ತಡವಾಗಿ ಬಂತು. ಬೋಗಿಗಳನ್ನು ತರುತ್ತಿದ್ದ ‘ಗುಡ್‌ವಿನ್’ ಹಡಗು ಹೂಗ್ಲಿಯ ಮುಖದಲ್ಲಿ ಮುಳುಗಿತು. ಬೋಗಿಗಳನ್ನು ಕಲ್ಕತ್ತೆಯಲ್ಲೇ ಕಟ್ಟಿಸಬೇಕಾಯಿತು. ಕೊನೆಗೆ 1854ರ ಆಗಸ್ಟ್ 15ರಂದು ಹೌರಾದಿಂದ ಹೂಗ್ಲಿಗೆ ಮೊದಲ ಗಾಡಿ ಹೊರಟಿತು. 1855ರ ಫೆಬ್ರವರಿ 3ರಂದು ರಾಣಿಗಂಜಿನವರೆಗಿನ 121 ಮೈಲಿ ಮಾರ್ಗ ತೆರೆಯಿತು. ರಾಣಿಗಂಜ್ ಎಂದರೆ ಕಲ್ಲಿದ್ದಲು. ಆ ಗಣಿಗಳ ಇದ್ದಿಲನ್ನು ಕಲ್ಕತ್ತೆಗೆ ತರುವುದು ಈ ಮಾರ್ಗದ ಮುಖ್ಯ ಆರ್ಥಿಕ ತರ್ಕವಾಗಿತ್ತು. ಅದೇ ವರ್ಷ ಬಂದ 22ನೇ ನಂಬರಿನ ಎಂಜಿನ್ನನ್ನು ಹೌರಾ–ರಾಣಿಗಂಜ್ ನಡುವಿನ ಹಗುರ ಮೇಲ್ ಗಾಡಿಗಳಿಗೆ ಹಚ್ಚಿದರು. ಅದರ ಜೊತೆಯಲ್ಲೇ ಅದೇ ಕಾರ್ಖಾನೆಯಿಂದ ಬಂದ 21ನೇ ನಂಬರಿನದಕ್ಕೆ ‘ಎಕ್ಸ್‌ಪ್ರೆಸ್’ ಎಂದು ಹೆಸರು.

ಮಾರ್ಗ ತೆರೆದ ಈ ವರ್ಷದ ಇನ್ನೊಂದು ಮುಖವನ್ನು ರೈಲ್ವೆ ಅಭಿಮಾನಿಗಳ ಬರಹ ಸಾಮಾನ್ಯವಾಗಿ ಮರೆಯುತ್ತದೆ. 1855ರ ಜೂನ್ 30ರಂದು ಸಿದು, ಕಾನು ಮುರ್ಮು ಸಹೋದರರ ಮುಂದಾಳತ್ವದಲ್ಲಿ ಸಂತಾಲರು ದಂಗೆ ಎದ್ದರು. ಸಾಹುಕಾರರ, ಜಮೀನುದಾರರ ಸುಲಿಗೆ ಅದಕ್ಕೆ ಮೂಲ ಕಾರಣ. ಆದರೆ ರಾಜಮಹಲ್ ಬೆಟ್ಟಗಳ ಸೀಮೆಯಲ್ಲಿ ಇದೇ ಈಸ್ಟ್ ಇಂಡಿಯನ್ ರೈಲ್ವೆ ಕಂಪನಿಗಾಗಿ ಹಳಿ ಹಾಕಿಸುತ್ತಿದ್ದವರ ದಬ್ಬಾಳಿಕೆಯೂ ಅವರ ದೂರುಗಳ ಪಟ್ಟಿಯಲ್ಲಿತ್ತು. ರೈಲ್ವೆಯ ಕಾಮಗಾರಿ, ಬಂಗಲೆಗಳ ಮೇಲೂ ದಾಳಿಯಾಯಿತು.

ದಂಗೆಯ ಕಾಲ ಮತ್ತು ಅನಂತರ

1857ರ ಸಿಪಾಯಿ ದಂಗೆಯಲ್ಲಿ ಈ ಎಂಜಿನ್ ಸೈನ್ಯದ ಗಾಡಿಗಳನ್ನು ಎಳೆಯಿತು ಎಂಬುದು ಅದರ ಬಗೆಗಿನ ಎಲ್ಲ ಬರಹಗಳಲ್ಲೂ ಬರುವ ಸಂಗತಿ. ಇದರ ಅರ್ಥವನ್ನು ಅಳತೆಯಲ್ಲಿಟ್ಟು ತಿಳಿಯಬೇಕು. ಆಗ ಉತ್ತರ ಭಾರತಕ್ಕೆ ರೈಲು ಇರಲಿಲ್ಲ; ಇದ್ದದ್ದು ರಾಣಿಗಂಜಿನವರೆಗೆ. ಕಲ್ಕತ್ತೆಯಲ್ಲಿ ಇಳಿದ ಪಡೆ ರಾತ್ರಿ ಬೆಳಗಾಗುವುದರೊಳಗೆ ರಾಣಿಗಂಜ್ ತಲುಪುತ್ತಿತ್ತು. ಅಲ್ಲಿಂದ ಮುಂದೆ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ಎತ್ತಿನಗಾಡಿಯೇ ಗತಿ. ಮದ್ರಾಸಿನಿಂದ ಪಡೆ ತಂದ ಕರ್ನಲ್ ನೀಲ್, ಗಾಡಿಯನ್ನು ಹೊತ್ತಿಗೆ ಸರಿಯಾಗಿ ಬಿಡುತ್ತೇನೆಂದು ಹಟ ಹಿಡಿದ ರೈಲ್ವೆ ಅಧಿಕಾರಿಯ ಮಾತು ಕೇಳದೆ, ತನ್ನ ಸೈನಿಕರೆಲ್ಲ ಹತ್ತುವವರೆಗೂ ಡ್ರೈವರ್ ಮತ್ತು ಫೈರ್‌ಮ್ಯಾನ್‌ಗೆ ಕಾವಲು ಹಾಕಿಸಿದ ಪ್ರಸಂಗ ದಂಗೆಯ ಚರಿತ್ರೆಗಳಲ್ಲಿ ಪ್ರಸಿದ್ಧ. ಈ ಪ್ರಸಂಗವನ್ನು ತಂದು ಫೇರಿ ಕ್ವೀನ್‌ಗೆ ಗಂಟುಹಾಕುವ ಆಸೆ ಯಾವ ಬರಹಗಾರನಿಗೂ ಆಗುವಂಥದೇ. ಹಾಗೆ ಮಾಡದಿರುವುದೇ ಮೇಲು. ಕಂಪನಿಯ ಬಳಿ ಎಂಜಿನ್ನುಗಳು ಹಲವಿದ್ದವು. ಅಲ್ಲದೆ ಆಗ ‘ಫೇರಿ ಕ್ವೀನ್’ ಎಂಬ ಹೆಸರಿನ ಎಂಜಿನ್ನೇ ಇರಲಿಲ್ಲ. ಆ ಹೆಸರು ಬಂದದ್ದು 1895ರಲ್ಲಿ.

ದಂಗೆ ಅಡಗಿದ ಮೇಲೆ ಹಳಿ ವೇಗವಾಗಿ ಪಶ್ಚಿಮಕ್ಕೆ ಬೆಳೆಯಿತು. 1862ರಲ್ಲಿ ಬಿಹಾರದ ಜಮಾಲ್‌ಪುರದಲ್ಲಿ ಕಂಪನಿಯ ದೊಡ್ಡ ವರ್ಕ್‌ಶಾಪ್ ಆರಂಭವಾಯಿತು. 1866ರಲ್ಲಿ ದೆಹಲಿಯ ಯಮುನಾ ಸೇತುವೆ ಮುಗಿದು ಹೌರಾದಿಂದ ದೆಹಲಿಗೆ ನೇರ ಮಾರ್ಗ ಸಿದ್ಧವಾಯಿತು. 121 ಮೈಲಿಯ ಲೆಕ್ಕದಲ್ಲಿ ಹುಟ್ಟಿದ ಎಂಜಿನ್ನಿಗೆ ಇದು ಒಳ್ಳೆಯ ಸುದ್ದಿಯಲ್ಲ. ದೂರ ಹೆಚ್ಚಿದಂತೆ ಗಾಡಿ ಉದ್ದವಾಯಿತು, ಭಾರವಾಯಿತು. ಎರಡು ಮೂರು ಜೋಡಿ ಗಾಲಿಗಳನ್ನು ಸಲಾಕೆಯಿಂದ ಕೂಡಿಸಿ ಎಲ್ಲಕ್ಕೂ ಬಲ ಕೊಡುವ, ನೀರು, ಕಲ್ಲಿದ್ದಲು ಹೊರುವ ಪ್ರತ್ಯೇಕ ಟೆಂಡರ್ ಗಾಡಿ ಇರುವ ಎಂಜಿನ್ನುಗಳು ಬಂದವು. ಒಂದೇ ಜೋಡಿ ಬಲಗಾಲಿಯ, ಹೊಟ್ಟೆಯೊಳಗೆ 3,000 ಲೀಟರ್ ನೀರಷ್ಟೇ ಇಟ್ಟುಕೊಂಡ ಎಂಜಿನ್ ಮುಖ್ಯ ಗಾಡಿಗಳಿಂದ ಹಿಂದೆ ಸರಿಯಲೇಬೇಕು. ಮುಂದೆ ಅದನ್ನು ಬಿಹಾರದಲ್ಲಿ ಹೊಸ ಮಾರ್ಗ ಹಾಕುವ ಕೆಲಸಕ್ಕೆ ಬಳಸಿಕೊಂಡರು. ಮೇಲ್ ಗಾಡಿಗೆಂದು ಹುಟ್ಟಿದ್ದು ಕಾಮಗಾರಿಯ ಕೂಲಿಯಾಯಿತು.

ಅದಕ್ಕೆ ಹೆಸರಿಟ್ಟ 1895ರಲ್ಲೇ ಅಜ್ಮೇರಿನ ವರ್ಕ್‌ಶಾಪಿನಲ್ಲಿ ಎಫ್-734 ಎಂಬ ಮೀಟರ್ ಗೇಜ್ ಎಂಜಿನ್ ತಯಾರಾಯಿತು. ಭಾರತದಲ್ಲೇ ಪೂರ್ತಿಯಾಗಿ ಕಟ್ಟಿದ ಮೊದಲ ಎಂಜಿನ್ ಎಂದು ಅದಕ್ಕೆ ಮನ್ನಣೆ. 1899ರಲ್ಲಿ ಜಮಾಲ್‌ಪುರವೂ ‘ಲೇಡಿ ಕರ್ಜನ್’ ಎಂಬ ಎಂಜಿನ್ ಕಟ್ಟಿತು. ಆಮದಾದ ಮೊದಲ ತಲೆಮಾರಿನ ಎಂಜಿನ್ ‘ಹಳೆಯ ಕಾಲದ್ದು’ ಎನಿಸಿಕೊಳ್ಳಲು, ಅದಕ್ಕೊಂದು ಚಂದದ ಹೆಸರು ಬೇಕು ಎನಿಸಲು, ಇದು ತಕ್ಕ ಕಾಲವೇ ಆಗಿತ್ತು ಎಂದು ನನ್ನ ಊಹೆ. 1909ರಲ್ಲಿ ಎಂಜಿನ್ನನ್ನು ಕೆಲಸದಿಂದ ಇಳಿಸಿದರು.

ಕಟ್ಟೆಯಿಂದ ವಸ್ತುಸಂಗ್ರಹಾಲಯಕ್ಕೆ

ಕೆಲಸದಿಂದ ಇಳಿದ ಎಂಜಿನ್ನಿನ ಮುಂದೆ ಇರುವ ಸಹಜ ದಾರಿ ಗುಜರಿ. ತಾಮ್ರದ ಫೈರ್‌ಬಾಕ್ಸ್, ಹಿತ್ತಾಳೆಯ ನಲ್ಲಿಗಳು, ಕಬ್ಬಿಣ ಎಲ್ಲಕ್ಕೂ ಬೆಲೆಯಿದೆ. ಎಂಜಿನ್ ಅಪರೂಪವಾಗುವುದು ಇದರಿಂದಲೇ. ಲೀಡ್ಸ್ ಮೂಲದ ಲಯನ್ ಉಳಿದುಕೊಂಡದ್ದು ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ನೀರೆತ್ತುವ ಪಂಪಾಗಿ 1928ರವರೆಗೆ ದುಡಿದುದರಿಂದ. 22ನೇ ನಂಬರಿನದಕ್ಕೆ ಅಂಥ ಎರಡನೆಯ ಉಪಯೋಗ ಸಿಗಲಿಲ್ಲ. ಅದನ್ನು ಹೌರಾ ನಿಲ್ದಾಣದ ಹೊರಗೆ ಒಂದು ಕಟ್ಟೆಯ ಮೇಲೆ ನಿಲ್ಲಿಸಿದರು. ಕಂಪನಿಯ ಹೆಮ್ಮೆಯ ಗುರುತಾಗಿ, ಮಳೆ ಬಿಸಿಲಿಗೆ ಮೈಯೊಡ್ಡಿ, 34 ವರ್ಷ ಅಲ್ಲೇ ನಿಂತಿತು. ಈ ಅವಧಿಯಲ್ಲಿ, 1925ರಲ್ಲಿ, ಈಸ್ಟ್ ಇಂಡಿಯನ್ ರೈಲ್ವೆಯ ಆಡಳಿತ ಕಂಪನಿಯ ಕೈಯಿಂದ ಸರ್ಕಾರದ ಕೈಗೆ ಬಂತು. ಕಟ್ಟೆಯ ಮೇಲಿದ್ದ ಎಂಜಿನ್ನಿನ ಯಜಮಾನನೂ ಬದಲಾದ.

1943ರಲ್ಲಿ ಅದನ್ನು ಉತ್ತರ ಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ ಸಾಗಿಸಿದರು. ಅಲ್ಲಿ ಅದು ಕಲಿಯಲು ಬಂದ ನೌಕರರು ನೋಡುವ ಕುತೂಹಲದ ವಸ್ತು. ಹೌರಾದಂಥ ಜನದಟ್ಟಣೆಯ ಜಾಗದಿಂದ ಒಂದು ಶಾಲೆಯ ಅಂಗಳಕ್ಕೆ ಹೋದದ್ದು ಹಿನ್ನಡೆಯಂತೆ ಕಂಡರೂ, ಎಂಜಿನ್ನಿನ ಭಾಗಗಳ ಹೆಸರು ಬಲ್ಲವರ ನಡುವೆ ಅದು ಇದ್ದದ್ದು ಒಳಿತೇ ಆಯಿತು ಎನ್ನಬೇಕು.

ಮೂರನೆಯ ಘಟ್ಟಕ್ಕೆ ರೈಲ್ವೆಯ ಒಳಗಿನ ಒಂದು ಬದಲಾವಣೆ ಕಾರಣ. 1970ರ ಜೂನ್‌ನಲ್ಲಿ ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್ ಗೇಜ್ ಹಬೆ ಎಂಜಿನ್ ಕಟ್ಟಿತು. ‘ಅಂತಿಮ್ ಸಿತಾರಾ’ ಎಂದೇ ಅದರ ಹೆಸರು. ಹಬೆಯ ಯುಗ ಮುಗಿಯುತ್ತಿದೆ ಎಂಬ ಅರಿವು ಬಂದದ್ದೇ ತಡ, ಹಳೆಯದನ್ನು ಕೂಡಿಡುವ ಯೋಚನೆಯೂ ಬಲಿಯಿತು. 1971ರ ಅಕ್ಟೋಬರ್‌ನಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿ ರೈಲು ವಸ್ತುಸಂಗ್ರಹಾಲಯಕ್ಕೆ ರಾಷ್ಟ್ರಪತಿ ವಿ.ವಿ. ಗಿರಿ ಅಡಿಗಲ್ಲು ಹಾಕಿದರು. ಇಂಗ್ಲೆಂಡಿನ ಮೈಕೇಲ್ ಸಾಟೋ ಅದರ ಸಲಹೆಗಾರರಾಗಿ ದೇಶದ ಶೆಡ್ಡುಗಳನ್ನು, ಕಾರ್ಖಾನೆಗಳನ್ನು ಸುತ್ತಿ ಯಾವ ಎಂಜಿನ್ನು, ಯಾವ ಬೋಗಿ ಉಳಿಸಬೇಕೆಂದು ಆರಿಸಿದರು. 1972ರಲ್ಲಿ ಫೇರಿ ಕ್ವೀನ್‌ಗೆ ರಾಷ್ಟ್ರೀಯ ಸಂಪತ್ತಿನ ಸ್ಥಾನ ಸಿಕ್ಕಿತು. 1977ರ ಫೆಬ್ರವರಿ 1ರಂದು ಸಂಗ್ರಹಾಲಯ ತೆರೆದಾಗ ಅದಕ್ಕೊಂದು ವಿಶೇಷ ಜಾಗವಿತ್ತು. ನಮ್ಮ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ಇದಾದ ಎರಡು ವರ್ಷಕ್ಕೆ, 1979ರಲ್ಲಿ, ಇದೇ ಅಲೆಯಲ್ಲಿ ಬಂದದ್ದು.

ಪೆರಂಬೂರಿನ ಕೈಗಳು

ನಿಂತ ಎಂಜಿನ್ನನ್ನು ಓಡಿಸುವ ತೀರ್ಮಾನ 1990ರ ದಶಕದ ನಡುವಿನದು. ಕಾಲವನ್ನು ಗಮನಿಸಬೇಕು. 1995ರ ಡಿಸೆಂಬರ್ 6ರಂದು ಪಂಜಾಬಿನ ಜಲಂಧರ್ ಮತ್ತು ಫಿರೋಜ್‌ಪುರ ನಡುವೆ ಭಾರತೀಯ ರೈಲ್ವೆಯ ಬ್ರಾಡ್ ಗೇಜ್ ಹಬೆ ಗಾಡಿಗಳ ಕೊನೆಯ ನಿತ್ಯ ಓಟ ನಡೆಯಿತು. ಬಾಯ್ಲರ್ ಬಡಿದು ಗೊತ್ತಿದ್ದ, ಟ್ಯೂಬು ಕೂರಿಸಿ ಗೊತ್ತಿದ್ದ, ಬೆಂಕಿಯ ಬಣ್ಣ ನೋಡಿ ಹಬೆಯ ಒತ್ತಡ ಹೇಳಬಲ್ಲ ಕೆಲಸಗಾರರು ಆಗಿನ್ನೂ ಹಾಜರಿ ಪುಸ್ತಕದಲ್ಲಿದ್ದರು. ಇನ್ನು ಹದಿನೈದು ವರ್ಷ ತಡವಾಗಿದ್ದರೆ ಕೆಲಸ ದುಪ್ಪಟ್ಟು ಕಷ್ಟವಾಗುತ್ತಿತ್ತು.

ಎಂಜಿನ್ ಚೆನ್ನೈನ ಪೆರಂಬೂರ್ ಲೋಕೋ ವರ್ಕ್ಸ್‌ಗೆ ಬಂತು. ಪೆರಂಬೂರಿನ ಈ ಕಾರ್ಖಾನೆಗಳ ಮೂಲ 1856ರ ಮದ್ರಾಸ್ ರೈಲ್ವೆಯಲ್ಲಿದೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ತಂದದ್ದೂ ಇದೇ ಮದ್ರಾಸ್ ರೈಲ್ವೆ. ಬಂಗಾಳದ ಎಂಜಿನ್ನಿಗೆ ದಕ್ಷಿಣದ ಕೈಗಳು ಜೀವ ಕೊಟ್ಟವು. 1997ರಲ್ಲಿ, 88 ವರ್ಷಗಳ ಬಳಿಕ, ಅದು ಮತ್ತೆ ಮುಖ್ಯ ಮಾರ್ಗದಲ್ಲಿ ಓಡಿತು. ಆ ವರ್ಷವೇ ದೆಹಲಿ ಕಂಟೋನ್ಮೆಂಟಿನಿಂದ ರಾಜಸ್ಥಾನದ ಅಲ್ವರ್‌ಗೆ ಪ್ರವಾಸಿ ಗಾಡಿ ಆರಂಭವಾಯಿತು. 143 ಕಿಲೋಮೀಟರ್ ದೂರ. ಎಂಜಿನ್ನಿನ ವೇಗದ ಮಿತಿಯಲ್ಲೇ ನಿಲ್ಲದೆ ಓಡಿದರೂ ಮೂರೂವರೆ ಗಂಟೆ ಮೀರುತ್ತದೆ, ನೀರಿಗೆಂದು ನಿಲ್ಲುವುದು ಬೇರೆ. ಪ್ರಯಾಣಿಕರು ರಾತ್ರಿ ಸರಿಸ್ಕಾದಲ್ಲಿ ತಂಗಿ ಮರುದಿನ ಹಿಂದಿರುಗುತ್ತಿದ್ದರು. 1998ರಲ್ಲಿ ಗಿನ್ನೆಸ್ ಪುಸ್ತಕ ಇದನ್ನು ನಿಯತ ಸೇವೆಯಲ್ಲಿರುವ ಜಗತ್ತಿನ ಅತಿ ಹಳೆಯ ಹಬೆ ಎಂಜಿನ್ ಎಂದು ದಾಖಲಿಸಿತು. ಮರುವರ್ಷ ರಾಷ್ಟ್ರೀಯ ಪ್ರವಾಸೋದ್ಯಮ ಪ್ರಶಸ್ತಿಯೂ ಬಂತು.

ಇಲ್ಲೊಂದು ಚೋದ್ಯವಿದೆ. ದೆಹಲಿಯಿಂದ ಅಲ್ವರ್ ಕಡೆಗಿನ ಹಳಿ 1870ರ ದಶಕದಲ್ಲಿ ಹಾಕಿದಾಗ ಮೀಟರ್ ಗೇಜ್. ಅದು ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. 5 ಅಡಿ 6 ಅಂಗುಲದ ಗೇಜಿನ ಈ ಎಂಜಿನ್ ತನ್ನ ದುಡಿಮೆಯ 54 ವರ್ಷಗಳಲ್ಲಿ ಆ ದಾರಿಯಲ್ಲಿ ಒಂದು ಗಜವೂ ಓಡಲು ಸಾಧ್ಯವಿರಲಿಲ್ಲ. ಪಾರಂಪರಿಕ ಓಟ ಎಂದು ನಾವು ಕರೆಯುವ ಓಟ, ಪರಂಪರೆಯಲ್ಲಿ ಇಲ್ಲದ ದಾರಿಯಲ್ಲಿ ನಡೆಯಿತು. ದೂರುವುದು ನನ್ನ ಉದ್ದೇಶವಲ್ಲ. ಪ್ರವಾಸಿಗರು ದೆಹಲಿಯಲ್ಲಿರುತ್ತಾರೆ, ರಾಣಿಗಂಜಿನಲ್ಲಲ್ಲ. ಆದರೆ ಇದನ್ನು 1855ರ ಸೇವೆಯ ಮುಂದುವರಿಕೆ ಎನ್ನಲಾಗದು.

‘ಅತಿ ಹಳೆಯದು’ ಎಂಬ ಮಾತಿಗೂ ಇದೇ ಎಚ್ಚರ ಬೇಕು. ಗಿನ್ನೆಸ್ ಮನ್ನಣೆಯ ಜೀವ ಇರುವುದು ‘ನಿಯತ ಸೇವೆ’ ಎಂಬ ಷರತ್ತಿನಲ್ಲಿ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 1831ರ ‘ಜಾನ್ ಬುಲ್’ ಎಂಜಿನ್ನನ್ನು 1981ರ ಸೆಪ್ಟೆಂಬರ್‌ನಲ್ಲಿ, ಅದರ 150ನೇ ವರ್ಷಕ್ಕೆ, ಸ್ವಂತ ಹಬೆಯಲ್ಲೇ ಓಡಿಸಿತ್ತು. ಇಂಗ್ಲೆಂಡಿನ ಲಯನ್ ಕೂಡ 1980ರ ರೇನ್‌ಹಿಲ್ ಉತ್ಸವದಲ್ಲಿ ಓಡಿತು. ಎರಡೂ ಫೇರಿ ಕ್ವೀನ್‌ಗಿಂತ ಹಳೆಯವು. ಸ್ಮಿತ್ಸೋನಿಯನ್‌ನವರ ಕ್ರಮ ಗಮನಾರ್ಹ: ಮೊದಲು ಬಾಯ್ಲರನ್ನು ಆಧುನಿಕ ಉಪಕರಣಗಳಿಂದ ಪರೀಕ್ಷಿಸಿದರು, ಓಡಿಸಿದರು, ಬಳಿಕ ಮತ್ತೆ ಸಂಗ್ರಹಾಲಯದ ಒಳಗೆ ನಿಲ್ಲಿಸಿದರು. ಓಟ ಅವರಿಗೆ ಅಧ್ಯಯನದ ಭಾಗ. ನಮಗೆ ಅದೇ ಸಂರಕ್ಷಣೆಯ ಪರಮಾವಧಿ ಎನಿಸಿತು.

ಓಡುವ ಎಂಜಿನ್ ಸವೆಯುತ್ತದೆ. ಬಾಯ್ಲರಿನ ಟ್ಯೂಬುಗಳು ಕೆಲವು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಫೈರ್‌ಬಾಕ್ಸಿನ ಹಾಳೆ ತೆಳುವಾಗುತ್ತದೆ. ಬೇರಿಂಗು, ಪಿಸ್ಟನ್ ರಿಂಗು, ಗಾಲಿಯ ಪಟ್ಟೆ ಎಲ್ಲವೂ ಖರ್ಚಿನ ವಸ್ತುಗಳೇ. ಅಜ್ಜನ ಕಾಲದ ಕೊಡಲಿಗೆ ಮೂರು ಸಲ ಕಾವು, ಎರಡು ಸಲ ಅಲಗು ಬದಲಿಸಿ ಅದೇ ಕೊಡಲಿ ಎನ್ನುವ ರೈತನ ಮಾತು ಇಲ್ಲಿ ನಗೆಯ ಮಾತಲ್ಲ. ಇದರ ಮೇಲೆ ಕಳವು ಬೇರೆ. 2011ರಲ್ಲಿ ಎಂಜಿನ್ನಿನ ಹಲವು ಭಾಗಗಳನ್ನು ಕಳ್ಳರು ಬಿಚ್ಚಿಕೊಂಡು ಹೋದರು. ರಾಷ್ಟ್ರೀಯ ಸಂಪತ್ತು ಎಂದು ಹೆಸರಾದದ್ದು ಹಿತ್ತಾಳೆಯ ತೂಕಕ್ಕೆ ಇಳಿಯಿತು. ಪೆರಂಬೂರಿನಲ್ಲಿ ಮತ್ತೆ ದುರಸ್ತಿಯಾಯಿತು. 2017ರ ಫೆಬ್ರವರಿಯಲ್ಲಿ ದೆಹಲಿಯಿಂದ ರೇವಾಡಿಗೆ ಪ್ರವಾಸಿ ಓಟ ಪುನಃ ಆರಂಭವಾಯಿತು.

ಜೊತೆಗಾರ ಎಕ್ಸ್‌ಪ್ರೆಸ್‌ನ ಕಥೆ ಈ ಪ್ರಶ್ನೆಯನ್ನು ಇನ್ನಷ್ಟು ಚೂಪಾಗಿಸುತ್ತದೆ. ಒಂದು ಶತಮಾನ ಸುಮ್ಮನೆ ನಿಂತಿದ್ದ ಆ 21ನೇ ನಂಬರಿನ ಎಂಜಿನ್ನನ್ನೂ ಪೆರಂಬೂರಿನವರೇ 2010ರಲ್ಲಿ ಓಡುವಂತೆ ಮಾಡಿದರು. ಹೊಸ ಬಾಯ್ಲರ್, ಗಾಳಿಯೊತ್ತಡದ ಬ್ರೇಕು, ಉಪಗ್ರಹ ಸಂಕೇತದಿಂದ ವೇಗ ತೋರಿಸುವ ಮೀಟರು ಅದಕ್ಕೆ ಬಂದವು. ಕನ್ಯಾಕುಮಾರಿಯಲ್ಲಿ, ಎರ್ನಾಕುಲಂ ಬಂದರಿನ ಹಳೆಯ ಮಾರ್ಗದಲ್ಲಿ ಅದು ಓಡಿದಾಗ ಜನ ಮುಗಿಬಿದ್ದು ನೋಡಿದರು. ಕೆಲಸಗಾರರ ಕೌಶಲಕ್ಕೆ ಎರಡು ಮಾತಿಲ್ಲ. ಆದರೆ ಹೊಸ ಬಾಯ್ಲರಿನ ಎಂಜಿನ್ನಿನ ಮೇಲೆ ‘1855’ ಎಂಬ ಫಲಕ ಏನನ್ನು ಹೇಳುತ್ತದೆ? ಯಾವುದು ಲೀಡ್ಸ್‌ನ ಕಬ್ಬಿಣ, ಯಾವುದು ಜಮಾಲ್‌ಪುರದ ತೇಪೆ, ಯಾವುದು ಪೆರಂಬೂರಿನ ಉಕ್ಕು ಎಂದು ನೋಡುಗನಿಗೆ ತಿಳಿಯಬೇಡವೇ?

ಕಟ್ಟಡಗಳ ಜೀರ್ಣೋದ್ಧಾರಕ್ಕೆ ಇದರ ಉತ್ತರ 1964ರ ವೆನಿಸ್ ಸನ್ನದಿನಲ್ಲೇ ಇದೆ: ಬದಲಿಸಿದ ಭಾಗ ಒಟ್ಟು ರೂಪಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯಾಗಿ ಗುರುತು ಸಿಗುವಂತಿರಬೇಕು. 2005ರಲ್ಲಿ ಯುರೋಪಿನ ಪಾರಂಪರಿಕ ರೈಲ್ವೆಗಳ ಒಕ್ಕೂಟ ರೀಗಾ ಸನ್ನದಿನ ಮೂಲಕ ಅಂಥ ತತ್ವಗಳನ್ನು ಓಡುವ ಎಂಜಿನ್ನುಗಳಿಗೂ ಅನ್ವಯಿಸಿತು. ಓಡಿಸಲೇಬಾರದು ಎಂದು ಈ ಸನ್ನದುಗಳು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಹಬೆ ಎಂಜಿನ್ನಿನ ಸದ್ದು, ವಾಸನೆ, ಅದನ್ನು ನಡೆಸುವ ಕೈಚಳಕ ಇವೂ ಪರಂಪರೆಯೇ, ನಿಂತ ಕಬ್ಬಿಣದಲ್ಲಿ ಅವು ಉಳಿಯುವುದಿಲ್ಲ. ಎರಡು ಅವಳಿ ಎಂಜಿನ್ನುಗಳಿರುವುದು ಈ ವಿಷಯದಲ್ಲಿ ನಮ್ಮ ಪುಣ್ಯ. ಹೊಸ ಬಾಯ್ಲರಿನ ಎಕ್ಸ್‌ಪ್ರೆಸ್ ಓಡಲಿ. ಫೇರಿ ಕ್ವೀನ್ ಸಂಗ್ರಹಾಲಯದ ಸೂರಿನಡಿ ನಿಂತು ಆಕರವಾಗಿ ಉಳಿಯಲಿ.

ರೈಲ್ವೆ ಇಲಾಖೆಯಲ್ಲಿ ಕೇಳಿಕೊಳ್ಳುವುದಿಷ್ಟು: ಎರಡೂ ಎಂಜಿನ್ನುಗಳ ಪ್ರತಿ ದುರಸ್ತಿಯಲ್ಲಿ ಬದಲಾದ ಭಾಗಗಳ ಪಟ್ಟಿಯನ್ನು ಪ್ರಕಟಿಸಿ, ಹೊಸ ಭಾಗದ ಮೇಲೆ ವರ್ಷ ಕೆತ್ತಿಸಿ, ಬಿಚ್ಚಿದ ಹಳೆಯ ಭಾಗವನ್ನು ಗುಜರಿಗೆ ಕಳಿಸದೆ ಪಕ್ಕದಲ್ಲೇ ಇಡಿ. ಮೈಸೂರಿನ ಸಂಗ್ರಹಾಲಯದಲ್ಲಿ ನಿಂತಿರುವ ಎಂಜಿನ್ನುಗಳಿಗೂ ಇದೇ ಕ್ರಮ ಜಾರಿಗೆ ಬರಲಿ.